ಕೈರಾದಿಂದ ಅಭಿರಾವರೆಗೆ: ಜೋಡಿಹೆಸರೊಂದು ಪಾತ್ರವಾದ ಪ್ರಕರಣ

2023ರ ನವೆಂಬರ್‌ನಲ್ಲಿ ಸ್ಟಾರ್ ಪ್ಲಸ್‌ನ ‘ಯೇ ರಿಶ್ತಾ ಕ್ಯಾ ಕೆಹಲಾತಾ ಹೈ’ ಧಾರಾವಾಹಿ ಒಮ್ಮೆಲೇ ಹಲವು ವರ್ಷ ಮುಂದಕ್ಕೆ ಜಿಗಿಯಿತು. ಹೊಸ ನಾಯಕಿ ಬಂದಳು, ಹೆಸರು ಅಭಿರಾ. ಆಗಷ್ಟೇ ನೋಡಲು ಕೂತವರಿಗೆ ಅದೊಂದು ಮುದ್ದಾದ ಹೆಸರು, ಅಷ್ಟೆ. ಆದರೆ ಅದರ ಹಿಂದಿನ ಎರಡು ವರ್ಷ ಅದೇ ಸೀರಿಯಲ್‌ನ ಅಭಿಮಾನಿಗಳ ಬಾಯಲ್ಲಿ ‘ಅಭಿರಾ’ ಅಂದರೆ ಒಬ್ಬಳಲ್ಲ, ಇಬ್ಬರು: ಅಭಿಮನ್ಯು ಮತ್ತು ಅಕ್ಷರಾ. ಆ ಪ್ರೇಮಿಗಳ ಹೆಸರಿನ ತುಂಡು ಬೆಸೆದು ಮಾಡಿದ ಜೋಡಿಹೆಸರು ಅದು. ಅವರ ಎಡಿಟ್ ವಿಡಿಯೊ, ಅವರ ಮೇಲಿನ ಕಥೆ, ಅವರಿಗಾಗಿ ನಡೆಸಿದ ಟ್ರೆಂಡ್ ಎಲ್ಲವೂ ಆ ಟ್ಯಾಗ್‌ನ ಅಡಿಯಲ್ಲಿ ಕೂತಿದ್ದವು. ಈಗ ಅದೇ ಟ್ಯಾಗ್‌ನೊಳಗೆ ಅಕ್ಷರಾಳ ಮಗಳ ಫೋಟೊಗಳು ಬಂದು ಬೀಳತೊಡಗಿದವು.

ಜೋಡಿಗೆ ಹೆಸರಿಡುವ ಪದ್ಧತಿಯನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ಭಾರತೀಯ ಟಿವಿಯಲ್ಲಿ ಸಿಗುವುದು ಕಷ್ಟ. ಹೆಸರು ಹೇಗೆ ಕತ್ತರಿಸುತ್ತಾರೆ, ಯಾಕೆ ಒಂದು ನಿಲ್ಲುತ್ತದೆ ಇನ್ನೊಂದು ಬೀಳುತ್ತದೆ, ನಿಂತ ಹೆಸರು ಕಥೆಯೊಳಗೆ ಹೇಗೆ ನುಸುಳುತ್ತದೆ, ನುಸುಳಿದ ಮೇಲೆ ಏನು ಕೆಡುತ್ತದೆ, ಎಲ್ಲವೂ ಒಂದೇ ಮನೆತನದ ಒಳಗೆ ಸಿಗುತ್ತವೆ.

ಮೊದಲು ಮನೆತನವನ್ನು ತಿಳಿದುಕೊಳ್ಳೋಣ. ಸೀರಿಯಲ್ ಶುರುವಾದದ್ದು 2009ರ ಜನವರಿ 12ರಂದು. ನೈತಿಕ್ (ಕರಣ್ ಮೆಹ್ರಾ) ಮತ್ತು ಅಕ್ಷರಾ (ಹೀನಾ ಖಾನ್) ಮೊದಲ ಜೋಡಿ, ಕಥೆ ನಡೆಯುವುದು ಉದಯಪುರದಲ್ಲಿ. ಅವರ ಮಗ ನಕ್ಷ್, ಮಗಳು ನೈರಾ. 2016ರಲ್ಲಿ ದೊಡ್ಡವಳಾದ ನೈರಾ (ಶಿವಾಂಗಿ ಜೋಶಿ) ಋಷಿಕೇಶದಲ್ಲಿ ಕಾರ್ತಿಕ್‌ನನ್ನು (ಮೊಹ್ಸಿನ್ ಖಾನ್) ಭೇಟಿಯಾಗುತ್ತಾಳೆ. ಈ ಜೋಡಿಗೆ ಅಭಿಮಾನಿಗಳು ಇಟ್ಟ ಹೆಸರು ಕೈರಾ. ಅವರ ಮಗ ಕೈರವ್. ಮಗಳಿಗೆ ಅಜ್ಜಿಯ ಹೆಸರೇ, ಅಕ್ಷರಾ. 2021ರ ಅಕ್ಟೋಬರ್‌ನಲ್ಲಿ ಈ ಎರಡನೇ ಅಕ್ಷರಾ (ಪ್ರಣಾಲಿ ರಾಥೋಡ್) ಮತ್ತು ಡಾಕ್ಟರ್ ಅಭಿಮನ್ಯು (ಹರ್ಷದ್ ಚೋಪ್ಡಾ) ಕಥೆ ಆರಂಭ. 2023ರ ನವೆಂಬರ್‌ನಿಂದ ಅವಳ ಮಗಳು ಅಭಿರಾ (ಸಮೃದ್ಧಿ ಶುಕ್ಲಾ) ಮತ್ತು ಅರ್ಮಾನ್. ಒಟ್ಟು ನಾಲ್ಕು ತಲೆಮಾರು, ನಾಲ್ಕು ಜೋಡಿ.

ಈಗ ಈ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಓದಿ: ಅಕ್ಷರಾ, ನೈರಾ, ಕೈರಾ, ಅಕ್ಷರಾ, ಅಭಿರಾ. ‘ರಾ’ ಎಂಬ ಒಂದೇ ಅಕ್ಷರ ಅಜ್ಜಿಯಿಂದ ಮರಿಮಗಳವರೆಗೆ ಕೈಬದಲಾಗುತ್ತಾ ಬಂದಿದೆ. ಒಮ್ಮೆ ಬರಹಗಾರರು ಕೊಟ್ಟರು, ಒಮ್ಮೆ ಅಭಿಮಾನಿಗಳು ಕೊಟ್ಟರು.

ಪದಗಳ ವಿಷಯ ಸ್ವಲ್ಪ. ಎರಡು ಪಾತ್ರಗಳು ಒಂದಾಗಲಿ ಎಂದು ಹಂಬಲಿಸುವುದಕ್ಕೆ ‘ಶಿಪ್ ಮಾಡೋದು’ ಎನ್ನುತ್ತಾರೆ. ಇದು ಹಡಗಲ್ಲ, ‘ರಿಲೇಷನ್‌ಶಿಪ್’ ಎಂಬುದರ ಬಾಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ‘ದಿ ಎಕ್ಸ್-ಫೈಲ್ಸ್’ ಧಾರಾವಾಹಿಯ ಅಭಿಮಾನಿಗಳಲ್ಲಿ ಮಲ್ಡರ್ ಮತ್ತು ಸ್ಕಲಿ ಪ್ರೇಮಿಗಳಾಗಲಿ ಎಂದವರು ‘ರಿಲೇಷನ್‌ಶಿಪ್ಪರ್‌’ಗಳಾದರು, ಆಮೇಲೆ ಬರೀ ‘ಶಿಪ್ಪರ್‌’ಗಳಾದರು. ಬೇಡ ಎಂದವರಿಗೆ ‘ನೋರೋಮೋ’ ಎಂಬ ಹೆಸರು ಬಿತ್ತು, ‘ನೋ ರೊಮಾನ್ಸ್’ ಎಂಬುದರ ತುಂಡು. ಆಗಿನ್ನೂ ಹೆಸರು ಬೆಸೆಯುವ ಚಾಳಿ ಇರಲಿಲ್ಲ. ಮಲ್ಡರ್-ಸ್ಕಲಿ ರೊಮಾನ್ಸ್ ಎಂಬುದರ ಮೊದಲಕ್ಷರಗಳಾದ ‘ಎಂಎಸ್‌ಆರ್’ ಸಾಕಾಗುತ್ತಿತ್ತು. ಅದಕ್ಕೂ ಹಿಂದೆ, 1970ರ ದಶಕದಲ್ಲಿ, ‘ಸ್ಟಾರ್ ಟ್ರೆಕ್’ ಅಭಿಮಾನಿ ಬರಹಗಳಲ್ಲಿ ಕರ್ಕ್ ಮತ್ತು ಸ್ಪಾಕ್ ನಡುವೆ ಒಂದು ಓರೆಗೆರೆ ಎಳೆಯುತ್ತಿದ್ದರು. ಆ ಗೆರೆಯಿಂದಲೇ ‘ಸ್ಲ್ಯಾಶ್’ ಎಂಬ ಬರಹದ ಬಗೆಗೆ ಹೆಸರು ಬಂತು.

ಹಿಂದಿ ಸೀರಿಯಲ್‌ಗಳ ಅಭಿಮಾನಿಗಳೂ ಮೊದಲಕ್ಷರದ ದಾರಿಯನ್ನು ಹಿಡಿದಿದ್ದುಂಟು. ಸ್ಟಾರ್ ಒನ್‌ನ ‘ದಿಲ್ ಮಿಲ್ ಗಯೇ’ (2007–2010) ಜೋಡಿ ಅರ್ಮಾನ್ ಮತ್ತು ರಿದ್ಧಿಮಾ ಎಲ್ಲರಿಗೂ ‘ಎಆರ್’. ಎರಡೇ ಅಕ್ಷರ, ಬೇಗ ಟೈಪ್ ಆಗುತ್ತದೆ. ಆದರೆ ಹುಡುಕಿದರೆ ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್ ಅವರೂ ಸಿಗುತ್ತಾರೆ, ‘ಆಗ್‌ಮೆಂಟೆಡ್ ರಿಯಾಲಿಟಿ’ ತಂತ್ರಜ್ಞಾನವೂ ಸಿಗುತ್ತದೆ, ಜೋಡಿ ಮಾತ್ರ ಕೈಗೆ ಬರುವುದಿಲ್ಲ. ಒಂದೇ ಮುಚ್ಚಿದ ಗುಂಪಿನೊಳಗೆ ಮಾತಾಡುವಾಗ ಇದು ತೊಂದರೆಯಲ್ಲ. ಎಲ್ಲರೂ ಒಂದೇ ಬಯಲಿಗೆ ಬಂದು ಟ್ಯಾಗ್ ಹಾಕತೊಡಗಿದ ಮೇಲೆ ತೊಂದರೆ. ಬೆಸೆದ ಹೆಸರು ಗೆದ್ದದ್ದಕ್ಕೆ ಇದೇ ದೊಡ್ಡ ಕಾರಣ ಎಂಬುದು ನಮ್ಮ ಎಣಿಕೆ: ಲೋಕದಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ ಅಭಿಮಾನಿಗಳಿಗೆ ಬೇಕಿತ್ತು.

ಈಗ ಕೈರಾ. ಹೆಸರು ಬೆಸೆಯುವ ಕೆಲಸ ಸರಳವಾಗಿ ಹೀಗೆ: ಪ್ರತಿ ಹೆಸರನ್ನೂ ತಲೆ ಮತ್ತು ಬಾಲ ಎಂದು ಎರಡು ಮಾಡಬೇಕು, ಆಮೇಲೆ ಒಬ್ಬರ ತಲೆಗೆ ಇನ್ನೊಬ್ಬರ ಬಾಲ ಇಲ್ಲವೇ ತಲೆಗೆ ತಲೆ ಜೋಡಿಸಬೇಕು. ಕಾರ್ತಿಕ್ ಅಂದರೆ ‘ಕಾರ್’ ಮತ್ತು ‘ತಿಕ್’. ನೈರಾ ಅಂದರೆ ‘ನೈ’ ಮತ್ತು ‘ರಾ’. ಕಾಗದದ ಮೇಲೆ ಜೋಡಿಸಿ ನೋಡಿದರೆ ನಾಲ್ಕು ಬರುತ್ತವೆ.

ಮೊದಲನೆಯದು ಕಾರ್ರಾ. ಎರಡು ರಕಾರ ಒಂದರ ಮೇಲೊಂದು ಬಿದ್ದು ನಾಲಿಗೆ ಎಡವುತ್ತದೆ, ನೈರಾಳ ಗುರುತೂ ಉಳಿಯುವುದಿಲ್ಲ. ಕಾರ್ನೈ ಮತ್ತು ನೈಕಾರ್ ಉಚ್ಚಾರಕ್ಕೆ ಸಿಗುತ್ತವೆ, ಆದರೆ ಕೇಳಿದರೆ ಮನುಷ್ಯರ ಹೆಸರಿನಂತಿಲ್ಲ. ನಾಲ್ಕನೆಯದು ನೈ ಮತ್ತು ತಿಕ್ ಸೇರಿ ಆಗುವ ನೈತಿಕ್. ಅದು ನೈರಾಳ ಅಪ್ಪನ ಹೆಸರು! ಮಗಳು-ಅಳಿಯನ ಜೋಡಿಗೆ ಮಾವನ ಹೆಸರಿಡಲು ಯಾರಿಂದಲೂ ಆಗದು. ಹೆಸರು ಬೆಸೆಯುವವರು ಇದನ್ನು ಸದಾ ನೆನಪಿಡಬೇಕು. ಒಳ್ಳೆಯ ಬೆಸುಗೆಯೊಂದು ಬೀಳುವುದು ಕಿವಿಗೆ ಕೆಟ್ಟದಾಗಿದ್ದಾಗ ಮಾತ್ರವಲ್ಲ, ಆ ಪದವನ್ನು ಕಥೆಯೊಳಗೆ ಮೊದಲೇ ಯಾರೋ ಹೊತ್ತುಕೊಂಡಿದ್ದಾಗಲೂ ಅದು ಬೀಳುತ್ತದೆ.

ಆದ್ದರಿಂದ ಕತ್ತರಿ ಬೇರೆ ಕಡೆ ಬೀಳಬೇಕಾಯಿತು. ಕನ್ನಡ ಶಾಲೆಯಲ್ಲಿ ಗುಣಿತಾಕ್ಷರ ಬಿಡಿಸಿ ಬರೆದವರಿಗೆ ಇದು ತಕ್ಷಣ ಕಾಣುತ್ತದೆ. ನೈ ಅಂದರೆ ನ್ + ಐ. ಆ ನಕಾರವನ್ನು ತೆಗೆದು ಕಾರ್ತಿಕ್‌ನ ಕಕಾರವನ್ನು ಅಲ್ಲಿ ಕೂರಿಸಿದರೆ ಕ್ + ಐ + ರಾ, ಕೈರಾ. ಕಾರ್ತಿಕ್‌ನಿಂದ ಬಂದದ್ದು ಒಂದೇ ಒಂದು ವ್ಯಂಜನ, ಉಳಿದದ್ದೆಲ್ಲ ನೈರಾಳದ್ದು. ಆದರೂ ಕೇಳಿದ ಕೂಡಲೇ ಇಬ್ಬರೂ ನೆನಪಾಗುತ್ತಾರೆ, ಯಾಕೆಂದರೆ ಕಿವಿ ಹೆಸರನ್ನು ಹಿಡಿಯುವುದು ಮೊದಲ ಸದ್ದಿನಿಂದ ಮತ್ತು ಕೊನೆಯ ಸದ್ದಿನಿಂದ. ಎರಡೂ ಇಲ್ಲಿವೆ. ಮೇಲಾಗಿ ನೈರಾ-ಕೈರಾ ಪ್ರಾಸ ಕೂಡಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿಯವರು ನೈರಾ ಎಂದು ಹೇಳುವುದಿಲ್ಲ, ‘ನಾಯರಾ’ ಎಂದು ಬರೆಯುತ್ತಾರೆ, ಹಾಗೇ ಉಚ್ಚರಿಸುತ್ತಾರೆ. ನೈತಿಕ್ ಎಂಬಲ್ಲಿಯ ‘ನೈ’ ಬೇರೆ ಸದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಎರಡೂ ಎನ್, ಎ, ಐ. ಹಾಗಾಗಿ ನೈ-ತಿಕ್ ಆಟವೂ ಕೈ-ರಾ ಆಟವೂ ನಿಜಕ್ಕೂ ನಡೆಯುವುದು ರೋಮನ್ ಲಿಪಿಯಲ್ಲಿ. ದೇವನಾಗರಿಯಲ್ಲಿ ‘ಕಾಯರಾ’ ಎಂದು ಬರೆದರೆ ಅದರೊಳಗೆ ‘ಕಾಯರ್’, ಅಂದರೆ ಹೇಡಿ, ಎಂಬ ಹಿಂದಿ ಪದ ಎದ್ದು ಕಾಣುತ್ತದೆ. ಪ್ರೇಮಿಗಳಿಗೆ ಅದು ಒಪ್ಪುವ ಮಾತಲ್ಲ. ರೋಮನ್‌ನಲ್ಲಿ ಇರುವ ತನಕ ಆ ನೆರಳು ಬೀಳುವುದಿಲ್ಲ. ಕನ್ನಡಿಗರು ರೋಮನ್ ನೋಡಿ ಕೈರಾ ಎಂದೇ ಓದುತ್ತಾರೆ, ಈ ಬರಹವೂ ಹಾಗೇ ಓದುತ್ತದೆ.

ಹೆಸರಿನ ನಡುವೆ ದೊಡ್ಡಕ್ಷರ ಇಡುವ ಪದ್ಧತಿಯೂ ರೋಮನ್‌ನದೇ. ಕೆ ದೊಡ್ಡದು, ಆರ್ ದೊಡ್ಡದು, ಉಳಿದವು ಚಿಕ್ಕವು. ಬೆಸುಗೆ ಎಲ್ಲಿದೆ ಎಂದು ಆ ದೊಡ್ಡ ಆರ್ ತೋರಿಸುತ್ತದೆ. ಸ್ವಾರಸ್ಯವೆಂದರೆ ಕೈರಾದ ನಿಜವಾದ ಬೆಸುಗೆ ಆರ್ ಹತ್ತಿರ ಇಲ್ಲವೇ ಇಲ್ಲ, ಕೆ ಆದ ಕೂಡಲೇ ಇದೆ. ಆದರೂ ಕಣ್ಣಿಗೆ ‘ಕೈ’ ಒಬ್ಬನದು, ‘ರಾ’ ಒಬ್ಬಳದು ಎಂದು ಸಮಪಾಲು ಹಂಚಿದಂತೆ ಕಾಣಲಿ ಎಂದು ದೊಡ್ಡಕ್ಷರ ಅಲ್ಲಿ ಕೂತಿದೆ. ಹಂಚಿಕೆ ಸಮವಾಗಿ ಕಾಣುವುದು ಅಭಿಮಾನಿಗಳಿಗೆ ಮುಖ್ಯ.

ಇದೇ ಗೊಂದಲ ಇನ್ನೊಂದು ಪ್ರಸಿದ್ಧ ಜೋಡಿಯಲ್ಲಿ ಬಗೆಹರಿಯಲೇ ಇಲ್ಲ. ಸ್ಟಾರ್ ಪ್ಲಸ್‌ನ ‘ಇಸ್ ಪ್ಯಾರ್ ಕೋ ಕ್ಯಾ ನಾಮ್ ದೂಂ?’ (2011–2012) ಧಾರಾವಾಹಿಯ ಅರ್ನವ್ ಮತ್ತು ಖುಷಿ. ಒಂದು ಗುಂಪು ‘ಅರ್ಷಿ’ ಎಂದಿತು, ಇನ್ನೊಂದು ‘ಅರ್ಹಿ’ ಎಂದಿತು. ಎರಡೂ ಬಳಕೆಯಲ್ಲಿ ಉಳಿದವು. ಕನ್ನಡದಲ್ಲಿ ಖುಷಿ ಬರೆದು ನೋಡಿ: ಖು, ಷಿ. ಅಲ್ಲಿ ‘ಹಿ’ ಎಂಬ ಅಕ್ಷರವೇ ಇಲ್ಲ. ಅದು ಹುಟ್ಟಿದ್ದು ಎಸ್ ಮತ್ತು ಎಚ್ ಎಂಬ ಎರಡು ರೋಮನ್ ಅಕ್ಷರಗಳ ನಡುವೆ ಕತ್ತರಿ ಹಾಕಿದ್ದರಿಂದ. ಅಕ್ಷರದ ಮೇಲೆ ಕತ್ತರಿಸಿದವರಿಗೆ ಅರ್ಷಿ, ಕೀಲಿಮಣೆಯ ಮೇಲೆ ಕತ್ತರಿಸಿದವರಿಗೆ ಅರ್ಹಿ. ಇವತ್ತು ಆ ಜೋಡಿಯ ಹಳೆಯ ಎಫ್‌ಎಫ್ (ಫ್ಯಾನ್ ಫಿಕ್ಷನ್, ಅಭಿಮಾನಿಗಳು ಬರೆದ ಕಥೆ) ಹುಡುಕಬೇಕಾದವರು ಎರಡನ್ನೂ ಹುಡುಕಲೇಬೇಕು. ಒಂದನ್ನು ಬಿಟ್ಟರೆ ದೊಡ್ಡದೊಂದು ರಾಶಿ ಕೈತಪ್ಪುತ್ತದೆ.

ಮತ್ತೆ ಉದಯಪುರಕ್ಕೆ ಬರೋಣ. ಈ ಸೀರಿಯಲ್‌ಗೆ ಹೆಸರು ಬೆಸೆಯುವ ಅಭ್ಯಾಸ ಮೊದಲಿನಿಂದಲೂ ಇದೆ. ನೈತಿಕ್‌ನ ‘ನ’ ಮತ್ತು ಅಕ್ಷರಾಳ ‘ಕ್ಷ’ ಸೇರಿದರೆ ಮಗನ ಹೆಸರು ನಕ್ಷ್. ‘ನೈ’ ಮತ್ತು ‘ರಾ’ ಸೇರಿದರೆ ಮಗಳ ಹೆಸರು ನೈರಾ. ನಮ್ಮ ಮನೆಗಳಲ್ಲೂ ಅಪ್ಪ-ಅಮ್ಮನ ಹೆಸರಿನ ತುಂಡು ಸೇರಿಸಿ ಮಗುವಿಗೆ ಹೆಸರಿಡುವುದು ಉಂಟಲ್ಲ, ಅದೇ. ಮುಂದಿನ ಹೆಜ್ಜೆ ಹೊಸದು. ಕಾರ್ತಿಕ್-ನೈರಾ ಮಗನಿಗೆ ಕೈರವ್ ಎಂದು ಹೆಸರು ಬಂತು. ಕಾರ್ತಿಕ್ ಮತ್ತು ನೈರಾ ಎಂಬುದನ್ನು ನೇರವಾಗಿ ಬೆಸೆದರೆ ಈ ವಕಾರ ಬರುವುದಿಲ್ಲ. ಅಭಿಮಾನಿಗಳ ಕೈರಾಕ್ಕೆ ಒಂದು ‘ವ್’ ಸೇರಿಸಿದರೆ ಬರುತ್ತದೆ. ಜೋಡಿಹೆಸರು ಮಗುವಾಗಿ ಕಥೆಯೊಳಗೆ ಬಂದಂತಾಯಿತು.

ಕನ್ನಡ ಓದುವವರಿಗೆ ಇಲ್ಲಿ ಇನ್ನೊಂದು ಸಂತೋಷವಿದೆ. ಕೈರವ ಅಂದರೆ ಬಿಳಿಯ ನೈದಿಲೆ, ಚಂದ್ರನಿಗೆ ಅರಳುವ ಹೂವು. ಹಳೆಯ ಕಾವ್ಯ ಓದಿದವರಿಗೆ ತೀರಾ ಪರಿಚಿತ ಪದ. ಮಾಡಿದ ಹೆಸರು ಹೀಗೆ ಇದ್ದ ಪದದ ಮೇಲೆ ಬಂದು ಕೂತಾಗ ಮಗುವಿನ ಹೆಸರಾಗಿ ನಿಲ್ಲಲು ಅಡ್ಡಿಯಿಲ್ಲ. ಕೃತಕ ಎಂದು ಯಾರಿಗೂ ಅನಿಸುವುದಿಲ್ಲ.

2021ರ ಜನವರಿಯಲ್ಲಿ ಕಥೆ ನೈರಾಳನ್ನು ಸಾಯಿಸಿತು. ಅದೇ ವರ್ಷ ಶಿವಾಂಗಿ ಜೋಶಿ ಅವರೇ ಸೀರತ್ ಎಂಬ ಬಾಕ್ಸರ್ ಪಾತ್ರದಲ್ಲಿ ಮರಳಿದರು. ಕಾರ್ತಿಕ್-ಸೀರತ್ ಜೋಡಿಗೆ ಅಭಿಮಾನಿಗಳ ಹೆಸರು ‘ಕೈರತ್’. ಇದನ್ನು ಬಿಡಿಸಿ ನೋಡಬೇಕು. ‘ರತ್’ ಸೀರತ್‌ನಿಂದ ಬಂತು, ಸರಿ. ‘ಕೈ’ ಎಲ್ಲಿಂದ? ಕಾರ್ತಿಕ್‌ನಲ್ಲಿ ಐಕಾರ ಇಲ್ಲ, ಸೀರತ್‌ನಲ್ಲೂ ಇಲ್ಲ. ಅದು ಸತ್ತ ನೈರಾಳ ಐಕಾರ. ಬೆಸುಗೆಯ ನಿಯಮದಂತೆ ‘ಕಾರತ್’ ಆಗಬೇಕಿತ್ತು. ನಾಲ್ಕೂವರೆ ವರ್ಷ ಬೆರಳಿಗೆ ರೂಢಿಯಾದ ‘ಕೈ’ ಅನ್ನು ಅಭಿಮಾನಿಗಳು ಬಿಡಲಿಲ್ಲ. ಆಗ ‘ಕೈ’ ಅಂದರೆ ಕಾರ್ತಿಕ್ ಎಂದೇ ಅರ್ಥವಾಗಿಬಿಟ್ಟಿತ್ತು. ಹೋದವಳ ಗುರುತನ್ನು ಹೊಸಬಳ ಹೆಸರಿನೊಳಗೆ ಇಟ್ಟುಕೊಂಡ ಆ ಒಂದು ಸ್ವರ ಈ ಇಡೀ ಪ್ರಕರಣದಲ್ಲಿ ಅತ್ಯಂತ ಮನಮುಟ್ಟುವ ಸಂಗತಿ.

ಮೂರನೇ ಜೋಡಿ ಅಭಿರಾ ಬೆಸುಗೆಯ ಲೆಕ್ಕದಲ್ಲಿ ಕೈರಾಕ್ಕಿಂತ ಸಲೀಸು. ಅಭಿ + ರಾ, ಇಡೀ ಅಕ್ಷರಗಳೇ, ಏನನ್ನೂ ಒಡೆಯಬೇಕಿಲ್ಲ. ಮೂರು ಅಕ್ಷರ, ಹೇಳಲು ಹಗುರ, ಕೈರಾದ ಜೊತೆ ಪ್ರಾಸ. ಕೈರಾ ಮಗಳ ಜೋಡಿ ಅಭಿರಾ ಎಂದರೆ ಪರಂಪರೆ ಮುಂದುವರಿದಂತೆ ಕೇಳಿಸುತ್ತದೆ. ತೊಂದರೆ ಇದ್ದದ್ದು ‘ಅಭಿ’ಯಲ್ಲಿ. ಅದು ಎಷ್ಟೋ ಹೆಸರುಗಳ ತಲೆ. ಜೀ ಟಿವಿಯ ‘ಕುಂಕುಮ್ ಭಾಗ್ಯ’ದಲ್ಲಿ ಅಭಿ ಮತ್ತು ಪ್ರಜ್ಞಾ ಆಗಲೇ ‘ಅಭಿಗ್ಯಾ’ ಆಗಿದ್ದರು. ಹಿಂದಿಯವರು ಜ್ಞ ಎಂಬುದನ್ನು ‘ಗ್ಯ’ ಎನ್ನುವುದರಿಂದ ಆ ರೂಪ. ಕನ್ನಡದಲ್ಲಿ ಬರೆದರೆ ಅಭಿಜ್ಞಾ ಆಗುತ್ತದೆ. ತಿಳಿದವಳು ಎಂಬ ಅರ್ಥದ ಒಳ್ಳೆಯ ಪದವೇ ಸಿಕ್ಕಂತೆ.

ಆಮೇಲೆ ಈ ಸೀರಿಯಲ್‌ನ ಒಳಗೇ ಇನ್ನೊಬ್ಬ ಅಭಿ ಬಂದ, ಅಭಿನವ್. ಅಕ್ಷರಾ ಅಭಿಮನ್ಯುವಿನಿಂದ ದೂರವಾಗಿ ಅಭಿನವ್‌ನನ್ನು ಮದುವೆಯಾದಳು. ಅವರಿಬ್ಬರಿಗೂ ನಿಯಮದಂತೆ ಬರುವ ಹೆಸರು ಅಭಿರಾ! ಅದು ಆಗಲೇ ಬೇರೆಯವರದ್ದು. ಹಾಗಾಗಿ ಅಭಿನವ್ ಪರ ಇದ್ದವರು ಕತ್ತರಿಯನ್ನು ತಿರುಗಿಸಿದರು. ಅಕ್ಷರಾಳ ತಲೆ, ಅಭಿನವ್‌ನ ಬಾಲ: ‘ಅಕ್ಷ್‌ನವ್’. ಉಚ್ಚಾರ ಸ್ವಲ್ಪ ಗಂಟು, ಆದರೆ ಗೊಂದಲವಿಲ್ಲ. ಎರಡು ಬಣಗಳು ಎದುರುಬದುರು ನಿಂತಾಗ ಇಂಪಿಗಿಂತ ಗುರುತು ಮುಖ್ಯವಾಗುತ್ತದೆ. ಇದು ಸರಿಯಾದ ನಿರ್ಧಾರವಾಗಿತ್ತು.

ಕಥೆ ಮಾತ್ರ ಗೊಂದಲದ ಕಡೆಗೇ ನಡೆಯಿತು. ಅಭಿಮನ್ಯು-ಅಕ್ಷರಾ ಮಗನಿಗೆ ಅಭೀರ್ ಎಂಬ ಹೆಸರು ಬಂತು, ಕೈರಾದಿಂದ ಕೈರವ್ ಬಂದ ಹಾಗೆ. ಅಭಿನವ್‌ನಿಂದ ಆದ ಮಗಳು ಅಭಿರಾ. ತಂದೆಯ ‘ಅಭಿ’, ತಾಯಿಯ ‘ರಾ’ ಎಂದು ನೋಡಿದರೆ ಹೆಸರು ನ್ಯಾಯವಾಗಿಯೇ ಇದೆ, ಅಜ್ಜಿ ನೈರಾಳಿಗೆ ಹೆಸರು ಬಂದ ರೀತಿಯೇ ಇದು. ಆದರೆ ಆ ಮೂರಕ್ಷರದ ಮೇಲೆ ಎರಡು ವರ್ಷದಿಂದ ಬೇರೊಂದು ಅಭಿಯ ನೆನಪು ಕೂತಿತ್ತು. ಒಂದು ಬಣದ ಪ್ರೀತಿಯ ಪದ ಎದುರು ಬಣದ ನಾಯಕನ ಮಗಳ ಪಾಲಾಯಿತು. ಹಳೆಯ ಅಭಿಮಾನಿಗಳಿಗೆ ಇದು ನೋವು ತಂದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಜೋಡಿಹೆಸರು ಅವರು ಕಟ್ಟಿಕೊಂಡ ಸ್ವಂತ ಮನೆ.

ಇನ್ನು ಕೆಲಸದ ತೊಂದರೆ. ಎಕ್ಸ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಹ್ಯಾಷ್‌ಟ್ಯಾಗ್‌ಗಳು ದೊಡ್ಡಕ್ಷರ-ಚಿಕ್ಕಕ್ಷರ ಭೇದ ಮಾಡುವುದಿಲ್ಲ. ನಡುವೆ ದೊಡ್ಡ ಆರ್ ಇಟ್ಟ ಜೋಡಿ ಅಭಿರಾ, ಎಲ್ಲ ಚಿಕ್ಕಕ್ಷರದ ಹುಡುಗಿ ಅಭಿರಾ ಯಂತ್ರಕ್ಕೆ ಒಂದೇ. ಕಣ್ಣಿಗೆ ಇದ್ದ ಒಂದೇ ವ್ಯತ್ಯಾಸವೂ ಹುಡುಕಾಟದಲ್ಲಿ ಸತ್ತುಹೋಯಿತು. ನಡುವೆ ಅಡ್ಡಗೆರೆ ಹಾಕಿ ಬೇರ್ಪಡಿಸೋಣವೆಂದರೆ ಆಗದು, ಅಡ್ಡಗೆರೆ ಬಂದಲ್ಲಿಗೆ ಟ್ಯಾಗ್ ಮುಗಿಯುತ್ತದೆ, ‘ಅಭಿ’ ಮಾತ್ರ ಉಳಿಯುತ್ತದೆ. ಜಾಗ ಬಿಟ್ಟರೂ ಅಷ್ಟೇ. ಕೆಳಗೆರೆ ಮಾತ್ರ ಟ್ಯಾಗ್‌ನೊಳಗೆ ನಡೆಯುತ್ತದೆ, ಆದರೆ ಅದು ಬೇರೆಯೇ ಟ್ಯಾಗ್ ಆಗುತ್ತದೆ. ಹಳೆಯ ರಾಶಿ ಅಲ್ಲಿಗೆ ತಾನಾಗಿ ಬರುವುದಿಲ್ಲ.

ಹಾಗಾದರೆ ಅಭಿಮನ್ಯು-ಅಕ್ಷರಾ ಕಾಲದ ಎಡಿಟ್ ಹುಡುಕಬೇಕಾದವರು ಏನು ಮಾಡಬೇಕು? ಮೊದಲ ಉಪಾಯ ದಿನಾಂಕ. ಎಕ್ಸ್‌ನ ಹುಡುಕಾಟದಲ್ಲಿ ಇಂತಿಷ್ಟನೇ ತಾರೀಖಿನಿಂದ ಇಂತಿಷ್ಟನೆಯದರವರೆಗೆ ಎಂದು ಮಿತಿ ಹಾಕಬಹುದು. 2021ರ ಅಕ್ಟೋಬರ್‌ನಿಂದ 2023ರ ಅಕ್ಟೋಬರ್ ಕೊನೆಯವರೆಗೆ ಎಂದು ಕೊಟ್ಟರೆ ಹೊಸ ಅಭಿರಾ ಹೆಚ್ಚಾಗಿ ಹೊರಗುಳಿಯುತ್ತಾಳೆ. ಎರಡನೆಯದು ನಟ-ನಟಿಯ ಜೋಡಿಹೆಸರು. ಕಾರ್ತಿಕ್-ನೈರಾ ಪಾತ್ರಧಾರಿಗಳಿಗೆ ‘ಶಿವಿನ್’ ಇದ್ದಂತೆ ಹರ್ಷದ್-ಪ್ರಣಾಲಿ ಅವರಿಗೆ ‘ಹರ್ಷಾಲಿ’ ಎಂಬುದಿತ್ತು. ಹಳೆಯ ಪೋಸ್ಟ್‌ಗಳಲ್ಲಿ ಇವೆರಡನ್ನೂ ಒಟ್ಟಿಗೆ ಹಾಕುವ ರೂಢಿ ಇದ್ದದ್ದರಿಂದ ಒಂದು ಹಾಳಾದರೂ ಇನ್ನೊಂದು ದಾರಿ ತೋರಿಸುತ್ತದೆ. ಹರ್ಷಾಲಿ ಎಂಬುದು ಹುಡುಗಿಯರ ಹೆಸರೂ ಹೌದು, ಹಾಗಾಗಿ ಒಂದಿಷ್ಟು ಕಸ ಬರುತ್ತದೆ.

ನಟರ ಜೋಡಿಹೆಸರನ್ನು ಹುಡುಕಲು ಬಳಸುವುದು ಬೇರೆ, ಹೊಸ ಬರಹಕ್ಕೆ ಹಚ್ಚುವುದು ಬೇರೆ. ಪಾತ್ರಗಳ ಪ್ರೇಮಕಥೆಗೆ ನಿಜವಾದ ಮನುಷ್ಯರ ಹೆಸರು ಅಂಟಿಸಿದರೆ ಆ ಪ್ರೇಮ ಅವರ ಮೇಲೆ ಹೊರೆಯಾಗುತ್ತದೆ. ‘ಬಿಗ್ ಬಾಸ್’ನಂಥ ಕಾರ್ಯಕ್ರಮಗಳಲ್ಲಿ ಪಾತ್ರ-ಮನುಷ್ಯ ಎಂಬ ಗೆರೆಯೇ ಇಲ್ಲದ್ದರಿಂದ ಜೋಡಿಹೆಸರು ನೇರವಾಗಿ ವ್ಯಕ್ತಿಗಳ ಮೇಲೆ ಬೀಳುತ್ತದೆ. ಹಿಂದಿಯ ‘ಸಿಡ್ನಾಜ್’ (ಸಿದ್ಧಾರ್ಥ್-ಶೆಹನಾಜ್), ಕನ್ನಡದ ಎಂಟನೇ ಸೀಸನ್‌ನ ‘ಅರ್ವಿಯಾ’ (ಅರವಿಂದ್-ದಿವ್ಯಾ) ಆ ಬಗೆಯವು. ಧಾರಾವಾಹಿಯಲ್ಲಿ ಗೆರೆ ಇದೆ, ಅದನ್ನು ಕಾಯ್ದುಕೊಳ್ಳಬೇಕು.

ಉದ್ದ ಕಥೆಗಳಿಗೆ ಇನ್ನೂ ಗಟ್ಟಿ ದಾರಿ ಪೂರ್ತಿ ಹೆಸರು. ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಅಭಿಮಾನಿ ಬರಹಗಳ ಸಂಗ್ರಹದಲ್ಲಿ ಜೋಡಿಹೆಸರಿನ ಬದಲು ಎರಡೂ ಪಾತ್ರಗಳ ಪೂರ್ತಿ ಹೆಸರನ್ನು ಓರೆಗೆರೆಯಿಂದ ಜೋಡಿಸುತ್ತಾರೆ. ಪ್ರೇಮಕ್ಕೆ ಓರೆಗೆರೆ, ಸ್ನೇಹ ಅಥವಾ ಬಂಧುತ್ವಕ್ಕೆ ‘ಮತ್ತು’ ಚಿಹ್ನೆ (&). ಅಕ್ಷರಾ ಎಂಬ ಹೆಸರೇ ಎರಡು ಸಲ ಬಂದಿರುವ ಈ ಸೀರಿಯಲ್‌ನಲ್ಲಿ ಮನೆತನದ ಹೆಸರನ್ನೂ ಸೇರಿಸದೆ ಬಿಡಬಾರದು. ಇಲ್ಲದಿದ್ದರೆ ಅಜ್ಜಿಯ ಕಥೆ ಮೊಮ್ಮಗಳ ಕಥೆಯಲ್ಲಿ ಬೆರೆಯುತ್ತದೆ.

ನಾಲ್ಕನೇ ಜೋಡಿಯ ಹೆಸರು ಇದೇ ಪಾಠದ ಇನ್ನೊಂದು ಮಗ್ಗುಲು. ಅಭಿರಾ ಮತ್ತು ಅರ್ಮಾನ್ ಸೇರಿ ‘ಅಭಿಮಾನ್’. ಕನ್ನಡಿಗರಿಗೆ ಇದಕ್ಕಿಂತ ಚೆಂದದ ಜೋಡಿಹೆಸರು ಬೇಕೆ, ಅಭಿಮಾನಿಗಳು ಇಟ್ಟ ಹೆಸರೇ ಅಭಿಮಾನ! ಆದರೆ ಅದು ನಿಘಂಟಿನಲ್ಲಿರುವ ಪದ. ಹುಡುಕಿದರೆ ಭಾಷಾಭಿಮಾನ, ದೇಶಾಭಿಮಾನ, ಹಳೆಯ ಚಿತ್ರಗಳು ಎಲ್ಲವೂ ಬರುತ್ತವೆ. ಸ್ಟಾರ್ ಒನ್‌ನ ‘ಮಿಲೇ ಜಬ್ ಹಮ್ ತುಮ್’ (2008–2010) ಸೀರಿಯಲ್‌ನ ಎರಡು ಜೋಡಿಗಳಿಗೂ ಹೀಗೇ ಆಗಿತ್ತು: ಸಮ್ರಾಟ್-ಗುಂಜನ್ ‘ಸಾಜನ್’, ಮಯಾಂಕ್-ನೂಪುರ್ ‘ಮಯೂರ್’. ಒಬ್ಬರು ಪ್ರಿಯತಮ, ಒಬ್ಬರು ನವಿಲು. ಬಾಯಿಗೆ ಜೇನು, ಹುಡುಕಾಟಕ್ಕೆ ಕಾಡು. ಇಂಥ ಹೆಸರು ಇಟ್ಟುಕೊಂಡವರು ಪಕ್ಕದಲ್ಲಿ ಸೀರಿಯಲ್‌ನ ಮೊದಲಕ್ಷರಗಳ ಟ್ಯಾಗ್ ಒಂದನ್ನು ತಪ್ಪದೆ ಹಾಕಬೇಕು. ಯೇ ರಿಶ್ತಾ ಅಭಿಮಾನಿಗಳು ವೈ, ಆರ್, ಕೆ, ಕೆ, ಎಚ್ ಎಂಬ ಐದು ರೋಮನ್ ಅಕ್ಷರಗಳನ್ನು ಹಾಗೆ ಬಳಸುತ್ತಾರೆ.

ಕನ್ನಡ ಲಿಪಿಯಲ್ಲಿ ಟ್ಯಾಗ್ ಹಾಕುವವರಿಗೆ ಬೇರೆ ಎಚ್ಚರ ಬೇಕು. ನಮ್ಮಲ್ಲಿ ದೊಡ್ಡಕ್ಷರ ಇಲ್ಲ, ಬೆಸುಗೆ ಮುಚ್ಚಿಹೋಗುತ್ತದೆ. ಮೇಲಾಗಿ ವ್ಯಂಜನದಲ್ಲಿ ಮುಗಿಯುವ ತುಂಡಿಗೆ ಇನ್ನೊಂದು ತುಂಡು ಸೇರಿದರೆ ಒತ್ತಕ್ಷರ ಆಗುತ್ತದೆ. ‘ಯೇ ಹೈ ಮೊಹಬ್ಬತೇಂ’ ಸೀರಿಯಲ್‌ನ ಇಶಿತಾ-ರಮನ್ ಜೋಡಿ ಹೆಸರನ್ನು ‘ಇಶ್ರಾ’ ಎಂದೂ ಬರೆಯಬಹುದು, ‘ಇಶ್‌ರಾ’ ಎಂದೂ ಬರೆಯಬಹುದು. ಎರಡನೆಯದರ ನಡುವೆ 200ಸಿ ಸಂಖ್ಯೆಯ, ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಕೂತಿರುತ್ತದೆ. ಓದುವವರಿಗೆ ಎರಡೂ ಒಂದೇ ಹೆಸರು, ಕಂಪ್ಯೂಟರಿಗೆ ಎರಡು ಬೇರೆ ಸಾಲು. ‘ಯೇ ರಿಶ್ತೇ ಹೈಂ ಪ್ಯಾರ್ ಕೇ’ ಸೀರಿಯಲ್‌ನ ಮಿಷ್ಟಿ-ಅಬೀರ್ ಜೋಡಿಯ ‘ಮಿಶ್‌ಬೀರ್’ಗೂ ಇದೇ ತೊಡಕು. ಗುಂಪಿನಲ್ಲಿ ಒಬ್ಬರು ಒಂದು ರೂಪ ಟೈಪ್ ಮಾಡಿ ಎಲ್ಲರಿಗೂ ಕಳಿಸಿ, ಉಳಿದವರು ನಕಲು ಮಾಡಿ ಅಂಟಿಸುವುದೇ ಸರಿಯಾದ ಕ್ರಮ. ಸ್ವರದಲ್ಲಿ ಮುಗಿಯುವ ತುಂಡು ಆರಿಸಿಕೊಂಡರೆ ಈ ತೊಂದರೆಯೇ ಹುಟ್ಟುವುದಿಲ್ಲ. ಅಭಿರಾ ಎಂಬುದನ್ನು ಕನ್ನಡದಲ್ಲಿ ಬರೆಯಲು ಒಂದೇ ದಾರಿ.

ಕನ್ನಡ ಹೆಸರುಗಳ ಮೇಲೆ ಇಷ್ಟನ್ನೂ ಒಮ್ಮೆ ಹಚ್ಚಿ ನೋಡೋಣ. ಕಲರ್ಸ್ ಕನ್ನಡದಲ್ಲಿ 2020ರಲ್ಲಿ ಶುರುವಾದ ‘ಕನ್ನಡತಿ’ಯ ಹರ್ಷ ಮತ್ತು ಭುವನೇಶ್ವರಿ ಇರಲಿ. ಇದು ಕಸರತ್ತು, ಬಳಕೆಯಲ್ಲಿರುವ ಹೆಸರಿನ ದಾಖಲೆಯಲ್ಲ. ಎಲ್ಲರೂ ಕರೆಯುವುದು ಭುವಿ ಎಂದು, ಹಾಗಾಗಿ ಕತ್ತರಿ ಬೀಳಬೇಕಾದದ್ದು ಅದರ ಮೇಲೆ. ಹರ್ + ವಿ ಸೇರಿ ಹರ್ವಿ. ಚಿಕ್ಕದು, ಆದರೆ ರಕಾರಕ್ಕೆ ವಕಾರ ಸೇರಿದ ಕಡೆ ಒಬ್ಬರು ‘ಹರ್ವಿ’, ಇನ್ನೊಬ್ಬರು ‘ಹರ್‌ವಿ’ ಎಂದು ಬರೆಯುತ್ತಾರೆ, ಮತ್ತದೇ ಕಾಣದ ಚಿಹ್ನೆ. ಭು + ರ್ಷ ಸೇರಿ ಭುರ್ಷ, ಒರಟು. ಹರ್ + ಭು ಸೇರಿ ಹರ್ಭು, ಕಡಲೆಯ ಮರಾಠಿ ಹೆಸರಾದ ‘ಹರಭರಾ’ವನ್ನು ನೆನಪಿಸುತ್ತದೆ, ಬೆಳಗಾವಿ ಕಡೆಯವರು ಒಪ್ಪುವುದಿಲ್ಲ. ಇನ್ನು ಕೈರಾದಲ್ಲಿ ಮಾಡಿದ ಹಾಗೆ ಅಕ್ಷರವನ್ನೇ ಬಿಡಿಸಿದರೆ, ಭುವಿಯ ವಕಾರ ಉಳಿಸಿಕೊಂಡು ಅದರ ಇಕಾರ ತೆಗೆದು ಹರ್ಷನ ‘ಅರ್ಷ’ ಕೂರಿಸಿದರೆ, ಭು + ವ್ + ಅರ್ಷ, ಭುವರ್ಷ. ಮೊದಲ ಸದ್ದು ಅವಳದು, ಕೊನೆಯ ಸದ್ದು ಅವನದು, ನಡುವಿನ ವಕಾರ ಬೆಸುಗೆ. ಕಥೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ನಿಘಂಟಿನಲ್ಲೂ ಇಲ್ಲ. ಆದರೂ ಒಳಗೆ ವರ್ಷ ಇದೆ, ಭುವಿಗೆ ಬೀಳುವ ಮಳೆ.